ಅಮ್ಮನ ದನಿಗೆ ಹಾಕಿದ ಪಾಸ್‌ವರ್ಡ್

"ಅಕ್ಕಾ, ಕಂಪ್ಯೂಟರ್ ಆನ್ ಮಾಡ್ತೀಯಾ?"

"ಇರಪ್ಪ, ಹುಳಕ್ಕೆ ಸೊಪ್ಪು ಹಾಕ್ತಾ ಇದೀನಿ. ಹುಳ ಮುಖ್ಯಾನೋ, ನಿನ್ನ ಡಬ್ಬ ಮುಖ್ಯಾನೋ?"

ಕಳೆದ ಸೋಮವಾರ ಬೆಳಿಗ್ಗೆ ಫೋನಿನಲ್ಲಿ ನಡೆದ ಮಾತು ಇದು. ನಾನು ಗೌರಿಬಿದನೂರಿನಲ್ಲಿ ಮೇಷ್ಟ್ರು, ಬಾಡಿಗೆ ರೂಮಿನ ವಾಸಿ. ಅಕ್ಕ ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾಳೆ. ನಡುವೆ ಅರ್ಧ ದಿನದ ದಾರಿ. (ಬಸ್ಸು ಸರಿಯಾಗಿ ಸಿಕ್ಕರೆ.)

ತಿಂಗಳ ಹಿಂದೆ ಊರಿಗೆ ಹೋದಾಗ ಒಂದು ಘನಕಾರ್ಯ ಮಾಡಿ ಬಂದಿದ್ದೆ. ಮನೆಯ ಕಂಪ್ಯೂಟರಿನ ಫೈಲುಗಳನ್ನು ಇಲ್ಲಿಂದಲೇ ತೆರೆಯುವ ಏರ್ಪಾಡು. ಬಾಗಿಲು ತೆರೆದಿಟ್ಟರೆ ಇಂಟರ್ನೆಟ್ಟಿನ ಕಳ್ಳರು ಬಿಡುತ್ತಾರೆಯೇ? ವಿಪಿಎನ್ ಹಾಕಿದೆ. ಓಟಿಪಿ ಹಾಕಿದೆ. ಅಲ್ಲಿಯವರೆಗೆ ಪಾಸ್‌ವರ್ಡೇ ಇಲ್ಲದಿದ್ದ ಕಂಪ್ಯೂಟರಿಗೆ ಇಷ್ಟುದ್ದದ ಪಾಸ್‌ವರ್ಡ್ ಜಡಿದೆ.

ಅಕ್ಕನಿಗೆ ವಿವರಿಸಿಯೂ ಇದ್ದೆ. "ಹುಳುಮನೆ ಬಾಗಿಲಲ್ಲಿ ಎಲ್ಲರ ಕಾಲನ್ನೂ ಬ್ಲೀಚಿಂಗ್ ನೀರಲ್ಲಿ ಅದ್ದಿಸ್ತೀಯಲ್ಲ, ಹಂಗೇ ಇದು. ರೋಗ ಒಳಕ್ಕೆ ಬರಬಾರದು."

"ನಾನು ಮುಟ್ಟಬಹುದೇನಪ್ಪ?" ಅಂದಿದ್ದಳು.

"ನಿನಗ್ಯಾಕಕ್ಕ ಅದೆಲ್ಲ?" ಅಂತ ನಕ್ಕು ಬಸ್ಸು ಹತ್ತಿದ್ದೆ.

ಪ್ರಶ್ನೆಪತ್ರಿಕೆ, ನೋಟ್ಸು ಎಲ್ಲ ಅಲ್ಲಿವೆ ಎನ್ನುವುದು ನೆಪ. ನಿಜ ಹೇಳಿಬಿಡುತ್ತೇನೆ, ನನಗೆ ಬೇಕಿದ್ದದ್ದು ಒಂದೇ ಫೈಲು. ಹೊಸ ಮೈಕ್ ಪರೀಕ್ಷೆ ಮಾಡುವಾಗ ಅಕಸ್ಮಾತ್ತಾಗಿ ರೆಕಾರ್ಡ್ ಆದ ಅಮ್ಮನ ದನಿ. ಬರೀ ಎರಡು ನಿಮಿಷ. ಅಮ್ಮ ಹೋಗಿ ಕಳೆದ ಸೋಮವಾರಕ್ಕೆ ಒಂದು ವರ್ಷ. ಪರೀಕ್ಷಾ ಡ್ಯೂಟಿ, ರಜೆ ಸಿಗಲಿಲ್ಲ. ಎಡೆ ಇಡುವುದಕ್ಕೂ ಊರಿಗೆ ಹೋಗಲಾಗದ ಮಗ ದನಿಯನ್ನಾದರೂ ಕೇಳಬೇಡವೇ? (ಫೋನಿಗೆ ಹಾಕಿಕೊಳ್ಳಬಹುದಿತ್ತಲ್ಲ ಅಂತೀರಾ? ಅಮ್ಮ ಆ ಮನೆಯಲ್ಲೇ ಇರಲಿ ಅನ್ನೋದು ನನ್ನ ಹಠ.)

ಅಕ್ಕ ಕೈ ತೊಳೆದು ಬಂದು ಬಟನ್ ಒತ್ತಿದಳು. ಓಟಿಪಿ ಬಂತು. ಪಾಸ್‌ವರ್ಡ್ ಹೊಡೆದೆ. ಅಬ್ಬಾ! ನಮ್ಮ ಮನೆಯ ಕಂಪ್ಯೂಟರು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡಿತು.

ಹಾಡು ಕೇಳುವ ಆ್ಯಪ್ ತೆರೆದೆ. ಹಿಂದೆ ಕೇಳಿದ್ದರ ಪಟ್ಟಿ ಬಂತು. ಅಮ್ಮನ ಫೈಲು. ಮತ್ತೆ ಅದೇ ಫೈಲು. ಕೆಳಗೆ ಎಳೆದಷ್ಟೂ ಅದೇ. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ, ತಿಂಗಳುಗಟ್ಟಲೆ. ನಾನು ಪಾಸ್‌ವರ್ಡ್ ಹಾಕಿದ ದಿನಕ್ಕೆ ಅದು ನಿಂತಿತ್ತು.

"ಅಕ್ಕಾ, ದಿನಾ ಅಮ್ಮನ ದನಿ ಕೇಳ್ತಿದ್ದದ್ದು ನೀನಾ?"



"ಪಕ್ಕದ ಮನೆ ಹುಡುಗಿ ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟಿದ್ಲು ಕಣೋ. ಅಮ್ಮ ಕರೆದ್ರೆ ಎದ್ದು ಸೊಪ್ಪು ಕೊಯ್ಯೋಕೆ ಹೋಗೋ ಅಭ್ಯಾಸ ನಂದು. ಕರೆಯೋರಿಲ್ಲ ಅಂದ್ರೆ ಕಾಲೇ ಏಳಲ್ಲ."

"ಪಾಸ್‌ವರ್ಡ್ ಕೇಳಬಾರದಿತ್ತಾ?"

"ನಿನಗ್ಯಾಕೆ ಅಂದ್ಯಲ್ಲಪ್ಪ. ಸುಮ್ಮನಾದೆ."

ಒಂದು ತಿಂಗಳು! ಬೈದಿದ್ದರೂ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದೊಂದೇ ಅಕ್ಷರ ಹೇಳಿ ಪಾಸ್‌ವರ್ಡ್ ಬರೆಸಿದೆ. ಅಕ್ಕ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಳಂತೆ. ಸೆಕ್ಯುರಿಟಿ ತಿಳಿದವರು ಎದೆ ಬಡಿದುಕೊಳ್ಳಲಿ, ನಾನು ತುಟಿಪಿಟಕ್ಕೆನ್ನಲಿಲ್ಲ. ಕಳ್ಳ ಬಂದರೆ ಅವನೂ ಕೇಳಿಕೊಂಡು ಹೋಗಲಿ.

"ನೀನೇ ಹಾಕಕ್ಕಾ, ನಾನು ಫೋನಲ್ಲಿ ಕೇಳಿಸ್ಕೋತೀನಿ" ಅಂದೆ. ಲ್ಯಾಪ್‌ಟಾಪ್ ಮುಚ್ಚಿ ಫೋನನ್ನು ಕಿವಿಗೆ ಒತ್ತಿಕೊಂಡೆ.

ಮೊದಲು ಗೊರಗೊರ ಸದ್ದು. ಆಮೇಲೆ ಅಮ್ಮ. "ಏಂ ಮಾಟ್ಲಾಡೇದಿರಾ ನೇನು?" ನಾನೇನೋ ಮಾತಾಡೋದು ಅಂತ ನಮ್ಮ ಗಡಿ ಸೀಮೆಯ ತೆಲುಗಿನಲ್ಲಿ ನನ್ನನ್ನು ಗದರಿಸಿ, ಒಳಗಿದ್ದ ಅಕ್ಕನನ್ನು ಕನ್ನಡದಲ್ಲಿ ಕೂಗಿದಳು. "ಲಕ್ಷ್ಮೀ, ಬಿಸಿಲೇರಿದ್ರೆ ಸೊಪ್ಪು ಬಾಡ್ತದೆ, ಬೇಗ ಬಾರಮ್ಮ!"

"ಬಂದೆ ಇರಮ್ಮ" ಅಂದಳು ಅಕ್ಕ. ರೆಕಾರ್ಡಿನಲ್ಲಲ್ಲ. ಈಗ.

ನನ್ನ ಕಣ್ಣು ತುಂಬಿ ಬಂತು. ಡ್ಯೂಟಿಗೆ ಹತ್ತು ನಿಮಿಷ ಲೇಟಾಗಿ ಹೋದೆ.

ಅದಿರಲಿ, ನಿಮ್ಮ ಮನೆಯ ಪಾಸ್‌ವರ್ಡ್ ಮನೆಯಲ್ಲೇ ಇರುವವರಿಗೆ ಗೊತ್ತಿದೆಯಾ?