ಗುಂಡುಸೂಜಿಯ ಭಾಷೆ

ಟೈಲರಕ್ಕನ ತುಟಿಗಳ ನಡುವೆ ಗುಂಡುಸೂಜಿ ಇಲ್ಲದ ಹೊತ್ತನ್ನು ನೋಡಿದವರು ಕಡಿಮೆ. ಆ ವಿದ್ಯೆ ಅಮ್ಮನಿಂದ ಬಂದದ್ದು. ಅಮ್ಮ ಬಾಯಲ್ಲಿ ಸೂಜಿ ಇಟ್ಟುಕೊಂಡೇ ಅಳತೆ ಹೇಳುತ್ತಿದ್ದಳು, ಮಕ್ಕಳನ್ನು ಬೈಯುತ್ತಿದ್ದಳು, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ನೋಡಿ ಎಂದು ಓಡಿಸುತ್ತಿದ್ದಳು. ಗಿರಾಕಿಗಳಿಗೆ ಅದು ಬರೀ "ಹುಂ ಹುಂಹುಂ". ಅಕ್ಕ, ತಮ್ಮ ಇಬ್ಬರಿಗೆ ಮಾತ್ರ ಅದು ಅಪ್ಪಟ ಮಾತೃಭಾಷೆ.

ಈಗ ಅಮ್ಮ ಇಲ್ಲ. ಅಂಗಡಿ ಅದೇ, ಹೊಲಿಗೆಯಂತ್ರ ಅದೇ. ಕಟಿಂಗ್ ಟೇಬಲ್ಲಿಗೆ ತಮ್ಮ, ಕನ್ನಡಿಯ ಮುಂದೆ ಅಕ್ಕ.

ನಲವತ್ತು ದಾಟಿದ ಮೇಲೆ ಅವಳ ಕೆಳದವಡೆಯ ಬುದ್ಧಿಹಲ್ಲು ತಕರಾರು ತೆಗೆಯಿತು. ಆಗಾಗ ಕೆನ್ನೆ ಊದಿ ಭುಜದ ಪ್ಯಾಡ್ ಇಟ್ಟಂತಾಗುತ್ತಿತ್ತು.

"ನಿನಗೆ ಬುದ್ಧಿ ಬರೋದು ಲೇಟು ಅಂತ ಅಮ್ಮ ಹೇಳ್ತಾನೇ ಇದ್ಲು," ಎಂದ ತಮ್ಮ.

"ನಿನಗಿನ್ನೂ ಮೊಳಕೇನೇ ಒಡೆದಿಲ್ವಲ್ಲೋ!"

ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲು ಮೂಳೆಯೊಳಗೆ ಅಡ್ಡ ಮಲಗಿತ್ತು. ಬೇರುಗಳು ಕೆಳತುಟಿಗೆ ಹೋಗುವ ನರವನ್ನು ಹೆಚ್ಚುಕಡಿಮೆ ತಬ್ಬಿಕೊಂಡಿದ್ದವು.

"ನೆಟ್ಟಗಿದ್ದಿದ್ರೆ ಹಲ್ಲನ್ನ ಮುಚ್ಚಿಕೊಂಡಿರೋ ಒಸಡು ಮಾತ್ರ ಕತ್ತರಿಸಿ ನೋಡಬಹುದಿತ್ತು. ಇದಕ್ಕೆ ಅದು ಸಾಲಲ್ಲ. ಮೂಳೆ ಸ್ವಲ್ಪ ಕೊರೆದು, ಹಲ್ಲನ್ನ ತುಂಡು ಮಾಡಿ ಪೂರ್ತಿ ತೆಗೀಬಹುದು. ಆದ್ರೆ ನರಕ್ಕೆ ಪೆಟ್ಟಾದ್ರೆ ತುಟಿ ಜೋಮು ಹಿಡಿಯುತ್ತೆ. ಎಷ್ಟೋ ಜನಕ್ಕೆ ಸರಿಹೋಗುತ್ತೆ, ಕೆಲವರಿಗೆ ಹಾಗೇ ಉಳಿದುಬಿಡುತ್ತೆ."

ಅಕ್ಕನ ಕೈ ತಾನಾಗಿ ತುಟಿಗೆ ಹೋಯಿತು. ಜೋಮು ಹಿಡಿದ ತುಟಿಗೆ ಸೂಜಿ ಇದೆಯೋ, ಜಾರಿತೋ ಹೇಗೆ ಗೊತ್ತಾಗಬೇಕು?

"ಸೂಜಿ ಚುಚ್ಚಿಡೋಕೆ ಒಂದು ಮೆತ್ತೆ ತಗೊಂಡ್ರಾಯ್ತಲ್ಲಕ್ಕಾ," ಎಂದ ತಮ್ಮ.

"ಮೆತ್ತೆ ಮಾತಾಡುತ್ತೇನೋ?"

ತಮ್ಮ ಮೆತ್ತಗಾದ.

"ಇನ್ನೊಂದು ದಾರಿ ಇದೆ," ಎಂದರು ಡಾಕ್ಟರಮ್ಮ. "ಹಲ್ಲಿನ ತಲೆ ಮಾತ್ರ ಕತ್ತರಿಸಿ ತೆಗೆದು, ಬೇರನ್ನ ಅಲ್ಲೇ ಬಿಟ್ಟು ಹೊಲಿಗೆ ಹಾಕೋದು. ನರದ ತಂಟೆಗೆ ಹೋಗಲ್ಲ. ಮುಂದೆ ಬೇರು ಮೇಲೆ ಸರಿದ್ರೆ ಮತ್ತೆ ತೆಗೀಬೇಕಾಗಬಹುದು, ಅಷ್ಟೆ."

ಹೊಲಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕನಿಗೆ ಅರ್ಧ ಧೈರ್ಯ ಬಂತು. ಒಪ್ಪಿದಳು.

ಆಪರೇಷನ್ ಮುಗಿಸಿ, ಹತ್ತಿಯುಂಡೆ ಕಚ್ಚಿಕೊಂಡು ಹೊರಬಂದವಳ ಅರ್ಧ ಮುಖ ಇಂಜೆಕ್ಷನ್ನಿಗೆ ಮರಗಟ್ಟಿತ್ತು. "ಹುಂಹುಂ ಹುಮ್ಮುಂ?" ಎಂದಳು. ನರ್ಸಮ್ಮ ಕಣ್ಣುಕಣ್ಣು ಬಿಟ್ಟರು.

"ಬೀಗ ಹಾಕಿದೀನಕ್ಕಾ, ಇಸ್ತ್ರಿಪೆಟ್ಟಿಗೆ ಪ್ಲಗ್ಗೂ ತೆಗ್ದಿದೀನಿ," ಎಂದ ತಮ್ಮ, ಸಲೀಸಾಗಿ. ಅಂದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಂಗಡಿ ಮುಚ್ಚುವಾಗಲೆಲ್ಲ ಅಮ್ಮ ಕೇಳುತ್ತಿದ್ದ ಪ್ರಶ್ನೆ ಅದು, ರಾಗವೂ ಅದೇ.

ಸಂಜೆ ಕೆನ್ನೆ ಎಚ್ಚರವಾಯಿತು. ತುಟಿ ಇನ್ನೂ ಮಲಗಿತ್ತು. ಅಕ್ಕ ಕನ್ನಡಿಯ ಮುಂದೆ ನಿಂತು ಗುಂಡುಸೂಜಿಯ ತಲೆಯನ್ನು ತುಟಿಗೆ ಮುಟ್ಟಿಸಿ ಮುಟ್ಟಿಸಿ ನೋಡುತ್ತಿದ್ದಳು. ತಮ್ಮ ಕತ್ತರಿ ಹಿಡಿದು ಕನ್ನಡಿಯಲ್ಲಿ ಅವಳ ತುಟಿಯನ್ನೇ ನೋಡುತ್ತಿದ್ದ. ಅಂಗಡಿಯ ಲೈಟು ಹಾಕುವ ಹೊತ್ತಿಗೆ ತುಟಿಗೆ ಏನೋ ತಣ್ಣಗೆ ತಗುಲಿತು.

ಅಕ್ಕ ಸೂಜಿಯನ್ನು ತುಟಿಗಳ ನಡುವೆ ಇಟ್ಟುಕೊಂಡು, "ಹುಂ ಹುಂಹುಂ!" ಎಂದಳು.

"ಒಲೆ ಮೇಲೆ ಹಾಲೇ ಇಟ್ಟಿಲ್ಲ ಕಣೇ, ಉಕ್ಕೋದೆಲ್ಲಿಂದ?" ಎನ್ನುತ್ತ ತಮ್ಮ ಮುಖ ಆಚೆ ತಿರುಗಿಸಿ ಬಟ್ಟೆಗೆ ಕತ್ತರಿ ಹಾಕಿದ.