ಕೆಟ್ಟದ್ದನ್ನು ಕೇಳುವ ಕೆಲಸ

ಕೆಟ್ಟದ್ದನ್ನು ಊಹಿಸಿ ಸಂಬಳ ತೆಗೆದುಕೊಳ್ಳುವುದು ತೊಂಬತ್ತರ ದಶಕದಲ್ಲಿ ನನ್ನ ಕಸುಬಾಗಿತ್ತು. ಬಾಬುರಾಯನಕೊಪ್ಪಲಿನಿಂದ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋಗುತ್ತಿದ್ದೆ. ಅಲ್ಲೊಂದು ನರ್ಸಿಂಗ್ ಹೋಮಿಗೆ ಸಾಫ್ಟ್‌ವೇರ್ ಬರೆಯಬೇಕಿತ್ತು. ಅವರು ಬೇಕೆಂದದ್ದನ್ನೆಲ್ಲ ಒಟ್ಟಿಗೆ ಮಾಡಲಾಗದು. ಯಾವುದು ಮೊದಲು ಎಂದು ತಿಳಿಯಲು ನನ್ನವು ಎರಡೇ ಪ್ರಶ್ನೆ: ಇದಿಲ್ಲದಿದ್ದರೆ ಏನು ಕೇಡಾಗಬಹುದು? ಅದು ಆಗುವ ಸಂಭವ ಎಷ್ಟು?

ಉತ್ತರ ಮಾತ್ರ ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ. ಆಸ್ಪತ್ರೆಯ ಯಜಮಾನಿಕೆಯೆಲ್ಲ ಡಾಕ್ಟರ ತಾಯಿಯದು. ಹೊಲಮನೆ ಆಳಿದ ಹೆಂಗಸು. ಡಾಕ್ಟರೂ ಅವರ ಮಾತು ಮೀರುತ್ತಿರಲಿಲ್ಲ. ನಾನು "ಆಪರೇಷನ್ ನಡುವೆ ಕರೆಂಟು ಹೋಗಿ..." ಎನ್ನುವಷ್ಟರಲ್ಲಿ "ಬುಡ್ತು ಅನ್ನವ್ವಾ!" ಎನ್ನುತ್ತಿದ್ದರು. ನಾನು ಬಿಡ್ತು ಎಂದು ಮುಂದಿನದಕ್ಕೆ ಹೋಗಬೇಕು. ಮೈಯೆಲ್ಲ ಉರಿಯುತ್ತಿತ್ತು.

ಒಂದಕ್ಕೆ ಮಾತ್ರ ಹಟ ಹಿಡಿದೆ. ದಿನ ತುಂಬುತ್ತಿರುವ ಬಸುರಿಯರಲ್ಲಿ ಅಪರೂಪದ ಗುಂಪಿನ ರಕ್ತದವರನ್ನು ಕಂಪ್ಯೂಟರು ಮೊದಲೇ ತೋರಿಸಬೇಕು; ಮೈಸೂರಿನಿಂದ ರಕ್ತ ತಂದಿಡಬೇಕು. ಹೆರಿಗೆಗೆ ತವರಿಗೆ ಬಂದಿದ್ದ ಡಾಕ್ಟರ ತಂಗಿ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

"ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ..."

"ಬುಡ್ತು ಅನ್ನು! ಬಸ್ರಿ ಎಣ್ಮಗ್ಳು ಎದುರ್ಗೇ ಕುಂತವ್ಳೆ. ಮುಂಚೇನೇ ರಕ್ತ ತಂದಿಕ್ಕದು ಕೇಡ್ನ ಕರ್ದಂಗಲ್ವಾ?" ತಾಯಿ ರೇಗಿದರು.

ಡಾಕ್ಟರು ತಲೆ ತಗ್ಗಿಸಿ, "ಅದ್ನ ಕೊನೆಗಿಟ್ಕೊಳಿ. ಮೊದ್ಲು ಬಿಲ್ ಬರೋ ಅಂಗೆ ಮಾಡಿ" ಎಂದರು.

"ನಂದೂ ಸಿಕ್ದೇ ಇರೋ ಗುಂಪೇ ಕಣಕ್ಕ," ಎಂದು ನಗುತ್ತ ತಂಗಿ ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದಳು. ಆ ನಗು ನನಗೆ ಹಿಡಿಸಲಿಲ್ಲ. ಬಸ್ಸಿನಲ್ಲಿ ಕೂತರೂ ಕಡಲೆಕಾಯಿ ತಿನ್ನಲು ಮನಸ್ಸಾಗಲಿಲ್ಲ.

ಬಿಲ್ಲು ಚೆನ್ನಾಗಿಯೇ ಬರತೊಡಗಿತು. ಆಮೇಲೊಮ್ಮೆ ಹೋದಾಗ ಬಾಗಿಲಲ್ಲಿ ಜನ ಪಿಸುಗುಟ್ಟುತ್ತ ನಿಂತಿದ್ದರು. ರಕ್ತಕ್ಕೆಂದು ಮೈಸೂರಿಗೆ ಓಡಿದ್ದ ಕಾರು ಪಾಂಡವಪುರದ ದಾರಿ ಹಿಡಿದು ವಾಪಸು ಬರುವ ತನಕ ಕಡಲೆಕಾಯಿ ಕೊಟ್ಟಿದ್ದ ಆ ಹುಡುಗಿಯ ಜೀವ ತಡೆದಿರಲಿಲ್ಲ. ಕೂಸು ಉಳಿದಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ತಾಯಿಯೇ ನನಗೆ ಹೇಳಿಕಳಿಸಿದರು. ಮಡಿಲಲ್ಲಿ ಮೊಮ್ಮಗು ಮಲಗಿತ್ತು.

"ಕೇಳವ್ವ. ಇಲ್ಲಿ ಇನ್ನೂ ಏನೇನ್ ಕೆಟ್ಟದ್ದಾಗ್ಬೌದು, ಎಲ್ಲಾನೂ ಕೇಳು."

ನಾನು ಮಗುವಿನ ಮುಖ ನೋಡಿದೆ.

"ಕೂಸೈತೆ ಅಂತ ಇಂದೆ ಮುಂದೆ ನೋಡ್ಬೇಡ. ಬುಡ್ತು ಅನ್ನು ಅನ್ನಾಕಿಲ್ಲ ನಾನು."

ಕೇಳತೊಡಗಿದೆ. ಅವರು ಕಣ್ಣು ಮಿಟುಕಿಸದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಪ್ರತಿ ಉತ್ತರಕ್ಕೂ ಮಗುವನ್ನು ನೋಡಿ ಒಳಗೊಳಗೇ ಬಿಡ್ತು ಅಂದುಕೊಳ್ಳುತ್ತಿದ್ದವಳು ನಾನು.