ಇಡ್ಲಿ ಹಿಟ್ಟು ಮತ್ತು ಬಂಗಾಳ ಕೊಲ್ಲಿ

ಬಂಗಾಳ ಕೊಲ್ಲಿ ನಮ್ಮ ಹೆಬ್ಬಗೋಡಿಯಿಂದ ಎಷ್ಟು ದೂರವೋ ನನಗೆ ಗೊತ್ತಿಲ್ಲ. ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ನನ್ನ ಇಡ್ಲಿ ಹಿಟ್ಟು ಉಬ್ಬುವುದಿಲ್ಲ, ಅದು ಮಾತ್ರ ಗೊತ್ತು. ಮದರಾಸಿನ ಕಡೆ ಚಂಡಮಾರುತ ಬಂದರೆ ನಮಗೆ ಎರಡು ದಿನ ಬಿಸಿಲಿಲ್ಲ. ಜಿಟಿಜಿಟಿ ಮಳೆ, ಚಳಿ. ಹಿಟ್ಟು ಮುನಿಸಿಕೊಂಡ ಅಳಿಯನ ಹಾಗೆ ಪಾತ್ರೆಯ ತಳದಲ್ಲಿ ಬಿದ್ದುಕೊಂಡಿರುತ್ತದೆ.

ಮೊದಲು ಇದಕ್ಕೊಂದು ಶಿಸ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಪಾಲಿಗೆ ಸೈಕ್ಲೋನ್ ಎಂದರೆ ದೀಪಾವಳಿ ಕಳೆದ ಮೇಲೆ ಬರುವ ನೆಂಟ. ರೇಡಿಯೋದಲ್ಲಿ ಹೇಳಿದ ಕೂಡಲೇ ಸ್ವೆಟರ್ ತೆಗೆದಿಡುತ್ತಿದ್ದೆವು. ಈಗ ಬೇಸಿಗೆಯಲ್ಲೂ ಬಂದು ಬಾಗಿಲು ತಟ್ಟುತ್ತದೆ. ಪಶ್ಚಿಮದ ಕಡಲೂ ತಾನೇನು ಕಡಿಮೆ ಎಂದು ಶುರು ಹಚ್ಚಿಕೊಂಡಿದೆ. ಸಂಜೆ ಟೀವಿಯ ನಕ್ಷೆಯಲ್ಲಿ ಬಟಾಣಿಯಷ್ಟಿದ್ದದ್ದು ಬೆಳಗ್ಗೆ ಎದ್ದು ನೋಡಿದರೆ ಅರ್ಧ ಕಡಲನ್ನು ನುಂಗಿರುತ್ತದೆ. ನಮ್ಮ ಯಜಮಾನರು ಮಾತ್ರ ಇದನ್ನು ಒಪ್ಪುವುದಿಲ್ಲ. ಸರ್ಕಾರಿ ಕಾರ್ಖಾನೆಯ ಸೈರನ್ನಿಗೆ ಏಳುತ್ತ ಕೂರುತ್ತ ಆಯಸ್ಸು ಕಳೆದವರು. ಚಂಡಮಾರುತವೂ ಶಿಫ್ಟ್ ಪ್ರಕಾರವೇ ಬರಬೇಕು ಎಂಬುದು ಅವರ ನಂಬಿಕೆ.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಆಂಧ್ರದ ಕಡಲ ದಂಡೆಯವಳು, ಗಾರ್ಮೆಂಟ್ಸ್ ಕೆಲಸದವಳು. ಮೇ ತಿಂಗಳ ಒಂದು ಭಾನುವಾರ ಅವಳ ಮಗುವಿನ ನಾಮಕರಣ. ತಾರಸಿಯ ಮೇಲೆ ನೂರು ಜನಕ್ಕೆ ತಿಂಡಿ. ಇಡ್ಲಿಯ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಅವಳ ಅಮ್ಮ ಊರಿನಿಂದ ರೈಲಿನಲ್ಲಿ ಬರಬೇಕಿತ್ತು. ಹೆರಿಗೆಗೂ ಬರಲಾಗದ ಆ ತಾಯಿ ಮೊಮ್ಮಗಳನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ.

ಶುಕ್ರವಾರ ಟೀವಿಯವರು, ಚಂಡಮಾರುತ ಮದರಾಸಿನ ಹತ್ತಿರ ದಡ ಸೇರಬಹುದು ಎಂದರು.

"ಮೇ ತಿಂಗ್ಳಲ್ಲಿ ಎಲ್ಲಿಂದ ಬರುತ್ತೆ ಕಣೇ? ಇವ್ರಿಗೆ ಬೇರೆ ಕೆಲ್ಸ ಇಲ್ಲ" ಎಂದರು ಯಜಮಾನರು.

ಶನಿವಾರ ಬೆಳಗ್ಗೆ ಮೋಡ ಮುಚ್ಚಿಕೊಂಡು ತಣ್ಣನೆ ಗಾಳಿ ಎದ್ದಿತು. ಅವರು ಸದ್ದಿಲ್ಲದೆ ಮಫ್ಲರ್ ಸುತ್ತಿಕೊಂಡರು.

ನೂರು ಜನರ ಮುಂದೆ ಕಲ್ಲಿನಂಥ ಇಡ್ಲಿ ಇಟ್ಟರೆ ಬೀದಿಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ರುಬ್ಬಿದ ಹಿಟ್ಟನ್ನು ದೊಡ್ಡ ಪಾತ್ರೆಗೆ ಸುರಿದು, ಹಾಲ್‌ನಲ್ಲಿ ಯುಪಿಎಸ್ ಬಿಸಿ ತಾಗುವ ಮೂಲೆಯಲ್ಲಿಟ್ಟೆ. ಯಜಮಾನರಿಗೆ ನಿವೃತ್ತಿಯ ದಿನ ಹೊದಿಸಿದ್ದ ಜರಿ ಶಾಲನ್ನು ತಂದು ಅದಕ್ಕೆ ಹೊದಿಸಿದೆ.

"ಲೇ, ಅದು ನನ್ ಸನ್ಮಾನದ ಶಾಲು ಕಣೇ!"

"ಒಂದ್ ದಿನ ಹಿಟ್ಟಿಗೂ ಸನ್ಮಾನ ಆಗ್ಲಿ ಬಿಡ್ರೀ."

ಆಮೇಲೆ ದೇವರ ಮುಂದೆ ನಿಂತು ಬಾಯಿಬಿಟ್ಟೇ ಕೇಳಿಕೊಂಡೆ. "ಅಪ್ಪಾ ತಿಮ್ಮಪ್ಪ, ಇದನ್ನ ಉತ್ತರಕ್ಕೆ ತಿರುಗಿಸ್ಬಿಡು. ಎಲ್ಲಿಗಾದ್ರೂ ಹೋಗ್ಲಿ, ಈ ಕಡೆ ಮಾತ್ರ ಬೇಡ."

ಅಷ್ಟು ಚುರುಕಾಗಿ ದೇವರು ನನ್ನ ಯಾವ ಕೆಲಸವನ್ನೂ ಅದುವರೆಗೆ ಮಾಡಿಕೊಟ್ಟಿರಲಿಲ್ಲ. ಭಾನುವಾರ ಎದ್ದರೆ ಕಣ್ಣು ಕುಕ್ಕುವ ಬಿಸಿಲು. ಹಿಟ್ಟು ಉಬ್ಬಿ, ಮುಚ್ಚಳ ಎತ್ತಿ, ಶಾಲನ್ನು ತೋಯಿಸಿ, ನೆಲಕ್ಕಿಳಿದು ಬಾಗಿಲ ಬಳಿಯ ಚಪ್ಪಲಿಗಳವರೆಗೂ ಹೋಗಿತ್ತು. ಪಾತ್ರೆಯಲ್ಲಿ ಉಳಿದದ್ದೇ ನೂರು ಜನಕ್ಕೆ ಸಾಕಾಗುವಷ್ಟಿತ್ತು. ನಾನು ಕುಣಿಯುವುದೊಂದು ಬಾಕಿ.

"ನಾನ್ ಹೇಳ್ಲಿಲ್ವಾ, ಮೇನಲ್ಲಿ ಬರಲ್ಲ ಅಂತ?" ಎಂದರು ಯಜಮಾನರು, ಶಾಲು ಹಿಂಡುತ್ತ.

ಅಷ್ಟರಲ್ಲಿ ಮೇಲಿನ ಮನೆಯ ಹುಡುಗಿ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಕಣ್ಣು ಊದಿಕೊಂಡಿತ್ತು. "ಆಂಟಿ, ಸೈಕ್ಲೋನ್ ತಿರುಗಿ ನಮ್ಮೂರ್ ಕಡೆ ಹೋಯ್ತು. ಟ್ರೈನ್ ಕ್ಯಾನ್ಸಲ್. ಊರೋರ್ನೆಲ್ಲ ಸ್ಕೂಲಲ್ಲಿ ಇಟ್ಟಿದಾರಂತೆ. ಅಮ್ಮನ್ ಫೋನ್ ಹೋಗ್ತಾನೇ ಇಲ್ಲ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಉತ್ತರದಲ್ಲಿ ಯಾರಿದ್ದಾರೆ ಎಂದು ನಾನು ಒಂದು ಕ್ಷಣವಾದರೂ ಯೋಚಿಸಿರಲಿಲ್ಲ. ತುಂಬಾ ನಾಚಿಕೆಯಾಯಿತು. ತಿಮ್ಮಪ್ಪನ ಪಟದ ಕಡೆ ತಿರುಗಿ ನೋಡುವ ಧೈರ್ಯವೂ ಬರಲಿಲ್ಲ.

ತಾರಸಿಯಲ್ಲಿ ಜನ ಇಡ್ಲಿ ಹೂವಿನ ಹಾಗಿದೆ ಎಂದು ಹೊಗಳಿದ್ದೇ ಹೊಗಳಿದ್ದು. ಒಂದೊಂದು ಹೊಗಳಿಕೆಯೂ ನನಗೆ ಬೈಗುಳದಂತೆ ಕೇಳುತ್ತಿತ್ತು. ಹುಡುಗಿ ಫೋನು ಒತ್ತುತ್ತಲೇ ಇದ್ದಳು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಕೆಮ್ಮಿದರು. "ಇನ್ನೊಂದ್ ಹತ್ ನಿಮಿಷ ಸ್ವಾಮಿ" ಎಂದು ಮೂರನೆಯ ಲೋಟ ಕಾಫಿ ಕೊಟ್ಟು ಕೂರಿಸಿದೆ.

ಆ ಕಾಫಿ ಮುಗಿಯುವ ಹೊತ್ತಿಗೆ ಫೋನು ಬಡಿದುಕೊಂಡಿತು. ಶಾಲೆಯ ಮೇಷ್ಟ್ರ ಫೋನಿನಿಂದ ಅವಳ ಅಮ್ಮ! ಮನೆಯ ಮಾಡಿನ ಶೀಟು ಹಾರಿಹೋಗಿದೆಯಂತೆ, ಜನ ಕ್ಷೇಮವಂತೆ. ಹುಡುಗಿ ಅಳುತ್ತಲೇ ಫೋನನ್ನು ಮಗುವಿನ ಕಿವಿಗೆ ಹಿಡಿದಳು. ಅಜ್ಜಿ ಮೂರು ಸಲ ಹೆಸರು ಹೇಳಿದಳು. ಮಗು ಫೋನನ್ನು ಬಾಯಿಗೆ ಹಾಕಿಕೊಳ್ಳಲು ನೋಡಿತು.

ಆಮೇಲೆ ಆಕೆ ನನ್ನೊಡನೆ ಮಾತಾಡಬೇಕು ಎಂದಳಂತೆ, ಹುಡುಗಿ ಫೋನನ್ನು ನನ್ನ ಕೈಗಿತ್ತಳು. ಆಕೆಯ ತೆಲುಗು ನನಗೆ ಅರ್ಥವಾಗುತ್ತದೆ. ಈ ಕಡೆ ತೆಲುಗು ಬಾರದಿದ್ದರೆ ತರಕಾರಿಯೂ ಸಿಗುವುದಿಲ್ಲ. ಆಕೆ ಹೇಳಿದ್ದು ಇಷ್ಟು: ಮಗುವಿನ ನಾಮಕರಣ ಕೆಡಬಾರದು, ಗಾಳಿ ನಿಮ್ಮ ಕಡೆ ಹೋಗುವುದು ಬೇಡ ಎಂದು ಊರ ದೇವಿಗೆ ಹರಕೆ ಹೊತ್ತಿದ್ದೆ. ನಿಮ್ಮಲ್ಲಿ ಬಿಸಿಲಿದೆ ತಾನೆ?

ಇದೆ ಎಂದೆ. ಅದು ಬರೀ ಮಾತಿನ ಫೋನು, ಆಕೆಗೆ ಏನೂ ಕಾಣುವುದಿಲ್ಲ ಎಂಬುದೂ ನೆನಪಾಗದೆ, ಇಡ್ಲಿಯ ತಟ್ಟೆಯನ್ನು ಅದರ ಮುಂದೆ ಹಿಡಿದುಕೊಂಡು ನಿಂತೆ.